ಎರೆಗೂಡಿನ ಕಥೆ

ನಮ್ಮ ಭಾಷೆಯಲ್ಲಿ ‘ಎರೆ’ ಎಂಬುದೊಂದು ಪುಟ್ಟ ಶಬ್ದವುಂಟು. ಹಕ್ಕಿ, ಹಾವು, ಮೀನು ಮೊದಲಾದ ಪ್ರಾಣಿಗಳ ಆಹಾರಕ್ಕೂ ಎರೆ ಎಂದೇ ಹೆಸರು. ಗಾಳದ ಮೊನೆಗೆ ಸಿಕ್ಕಿಸುವ ವಸ್ತುವಿಗೂ ಎರೆ ಎಂದೇ ಹೆಸರು. ತಮಿಳಿನ ‘ಇರೈ’ ಎಂಬುದು ಇದರ ಒಡಹುಟ್ಟು. ಸಂಸ್ಕೃತದ ‘ಆಮಿಷ’ ಶಬ್ದದ ಪಾಡೂ ಇದೇ. ಅದರ ಮೊದಲ ಅರ್ಥ ಮಾಂಸ; ಬೇಟೆಗಾರನೂ ಬೆಸ್ತನೂ ಅದನ್ನು ಬಳಸಿ ಬಳಸಿ ಈಗ ಅದು ಕೇವಲ ಒಡ್ಡಿ ಸೆಳೆಯುವ ಲೋಭವಸ್ತುವಾಗಿದೆ. ಉಣಿಸುವುದಕ್ಕೂ ಹಿಡಿಯುವುದಕ್ಕೂ ಒಂದೇ ಮಾತು ಸಾಕಾಯಿತೆಂದರೆ, ಆ ಎರಡು ಕೆಲಸಗಳ ನಡುವೆ ಇರುವ ಅಂತರ ಎಷ್ಟು ಕಿರಿದೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರೆಂದೇ ಹೇಳಬೇಕು.

ಆ ಕಿರಿದಾದ ಅಂತರದಲ್ಲಿ ಹುಟ್ಟಿದ ಒಂದು ಸಣ್ಣ ಉಪಕರಣದ ಇತಿಹಾಸವನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ. ಗಾಳದ ದಾರಕ್ಕೆ ಕಟ್ಟಿ, ತಿನಿಸನ್ನು ತುಂಬಿ, ನೀರಿನ ತಳಕ್ಕೆ ಇಳಿಸುವ ತೂತುಗಳುಳ್ಳ ಒಂದು ಡಬ್ಬಿ ಅದು. ಇಂಗ್ಲಿಷರು ಅದನ್ನು ‘ಸ್ವಿಮ್‌ಫೀಡರ್’ ಎನ್ನುತ್ತಾರೆ. ಅವರ ಗಾಳಗಾರರ ಮಾತಿನಲ್ಲಿ ‘ಸ್ವಿಮ್’ ಎಂದರೆ ಈಜಲ್ಲ, ತಾನು ಗಾಳ ಹಾಕಿ ಕುಳಿತಿರುವಷ್ಟು ನೀರಿನ ತಾಣ. ನಾವು ಈ ಡಬ್ಬಿಯನ್ನು ‘ಎರೆಗೂಡು’ ಎಂದು ಕರೆಯೋಣ. ಇದನ್ನು ದೊಡ್ಡ ಕಾರ್ಖಾನೆಗಳಿಗಿಂತ ಮೊದಲು ಮನೆಯ ಹಿತ್ತಿಲಿನಲ್ಲಿ, ಅಡುಗೆಮನೆಯ ಮೇಜಿನ ಮೇಲೆ, ಬಿಸಾಡಿದ ವಸ್ತುಗಳಿಂದ ಮಾಡಿಕೊಂಡವರೇ ಹೆಚ್ಚು. ಇಂಥ ವಸ್ತುಗಳಿಗೆ ಶಾಸನಗಳಿರುವುದಿಲ್ಲ, ಸ್ಮಾರಕಗಳಿರುವುದಿಲ್ಲ. ಆದರೂ ಅವುಗಳಿಗೆ ಇತಿಹಾಸವಿಲ್ಲವೆಂದು ಹೇಳಲಾಗದು.

ಈ ಇತಿಹಾಸದ ಮೊದಲ ಪುಟಗಳಲ್ಲೊಂದು ನಮ್ಮ ನಾಡಿನದೇ ಆಗಿರುವುದು ಸಂತೋಷದ ವಿಷಯ. ಕಲ್ಯಾಣದ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದ, ಸಿಂಹಾಸನವನ್ನೇರಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಆರನೆಯ ವಿಕ್ರಮಾದಿತ್ಯನ ಮಗ. ತಂದೆಯಂತೆ ದಂಡಯಾತ್ರೆಗಳಿಂದ ಹೆಸರು ಗಳಿಸಲಿಲ್ಲ, ಗ್ರಂಥದಿಂದ ಗಳಿಸಿದನು. ಕ್ರಿ. ಶ. 1131ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂದು ಇನ್ನೊಂದು ಹೆಸರು. ತಲಾ 20 ಅಧ್ಯಾಯಗಳ 5 ವಿಂಶತಿಗಳು, ಒಟ್ಟು 100 ಅಧ್ಯಾಯಗಳು. ರಾಜ್ಯವನ್ನು ಗಳಿಸುವುದರಿಂದ ಹಿಡಿದು ಅಡುಗೆ, ಸಂಗೀತ, ಆನೆ, ಕುದುರೆ, ಹುಂಜದ ಕಾಳಗಗಳವರೆಗೆ ಅರಸನ ಬದುಕಿಗೆ ಬೇಕಾದುದೆಲ್ಲ ಅದರಲ್ಲುಂಟು. ನಾಲ್ಕನೆಯ ವಿಂಶತಿ ವಿನೋದಗಳಿಗೆ ಮೀಸಲು. ಆ ವಿನೋದಗಳಲ್ಲಿ ಒಂದು ಮತ್ಸ್ಯವಿನೋದ.

ಮತ್ಸ್ಯವಿನೋದವೆಂದರೆ ಬಲೆ ಬೀಸಿ ಬುಟ್ಟಿ ತುಂಬುವುದಲ್ಲ, ಕೋಲು, ದಾರ, ಗಾಳಗಳಿಂದ ಒಂದೊಂದಾಗಿ ಹಿಡಿಯುವುದು. ಸೋಮೇಶ್ವರನು ಮೊದಲು ಮೀನುಗಳ ಪರಿಚಯ ಮಾಡಿಕೊಡುತ್ತಾನೆ. ಕಡಲಿನವು, ಹೊಳೆಯವು, ಹೊಪ್ಪಳೆಯುಳ್ಳವು, ಹೊಪ್ಪಳೆಯಿಲ್ಲದವು ಎಂದು ವಿಂಗಡಿಸಿ ಸುಮಾರು 35 ಬಗೆಗಳನ್ನು ಹೆಸರಿಸುತ್ತಾನೆ. ಆಮೇಲೆ ಬರುವುದೇ ನಮ್ಮ ಪ್ರಸ್ತುತ ವಿಷಯ: ಯಾವ ಮೀನಿಗೆ ಯಾವ ತಿನಿಸು? ಕೆಲವಕ್ಕೆ ಹಿಟ್ಟು, ಎಳ್ಳು ಮುಂತಾದವುಗಳ ಉಂಡೆ, ಕೆಲವಕ್ಕೆ ಮಾಂಸ. ಮೀನು ಇರುವ ತಾಣವನ್ನು ಅರಿತು, ಅಲ್ಲಿ ಅದಕ್ಕೆ ತಿನಿಸನ್ನು ಹಾಕಿ ರೂಢಿ ಮಾಡಿಸಿ, ಆ ಬಳಿಕ ಗಾಳವನ್ನು ಇಳಿಸಬೇಕೆಂಬುದು ಈ ವಿದ್ಯೆಯ ತಿರುಳು. ಎಂಟುನೂರ ತೊಂಬತ್ತು ವರ್ಷಗಳ ಹಿಂದೆ ಒಬ್ಬ ಚಕ್ರವರ್ತಿಯು ಹೊಳೆಯ ದಡದಲ್ಲಿ ಯಾವ ಹಿಟ್ಟಿನ ಉಂಡೆ ಯಾವ ಮೀನಿಗೆ ರುಚಿಸುತ್ತದೆಂದು ವಿಚಾರಿಸುತ್ತಿದ್ದುದನ್ನು ನೆನೆಸಿಕೊಳ್ಳಿ. ಪ್ರಜೆಗಳ ಅಹವಾಲಿಗೂ ಅವನು ಇಷ್ಟೇ ಗಮನ ಕೊಟ್ಟಿದ್ದರೆ ಎಷ್ಟು ಚೆನ್ನು ಎಂದು ಯಾರಿಗಾದರೂ ಅನಿಸಿದರೆ ತಪ್ಪೆಂದು ನಾನು ಹೇಳಲಾರೆ.

ಈ ಗ್ರಂಥ ಬಹುಕಾಲ ಓಲೆಗರಿಗಳಲ್ಲಿ ಮಲಗಿತ್ತು. ಅದರ ಒಂದು ಭಾಗವನ್ನು ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರಿನಿಂದ ಆರ್. ಶಾಮಾಶಾಸ್ತ್ರಿಗಳು 1926ರಲ್ಲಿ ಮೈಸೂರಿನಿಂದ ಹೊರತಂದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಅದೇ ಶಾಸ್ತ್ರಿಗಳು. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ 1925, 1939, 1961ನೆಯ ವರ್ಷಗಳಲ್ಲಿ ಮೂರು ಸಂಪುಟಗಳು ಬಂದವು. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಮತ್ಸ್ಯವಿನೋದವನ್ನು ಕುರಿತು ಲೇಖನ ಬರೆದು ವಿಜ್ಞಾನಿಗಳ ಗಮನವನ್ನು ಅತ್ತ ಸೆಳೆದರು. ಪಂಡಿತರ ಪಾಲಿಗೆ ಶ್ಲೋಕವಾಗಿದ್ದುದು ಹೀಗೆ ಮೀನಿನ ವಿದ್ವಾಂಸರ ಪಾಲಿಗೆ ಸಾಕ್ಷ್ಯವಾಯಿತು.

ಇನ್ನು ಕಡಲು ದಾಟಿ ಇಂಗ್ಲೆಂಡಿಗೆ ಹೋಗೋಣ. ಅಲ್ಲಿ ಗಾಳದ ವಿಷಯವಾಗಿ ಅಚ್ಚಾದ ಮೊದಲ ಇಂಗ್ಲಿಷ್ ಪ್ರಬಂಧ ಹೊರಬಿದ್ದುದು 1496ರಲ್ಲಿ. ಅದನ್ನು ಡೇಮ್ ಜೂಲಿಯಾನ ಬರ್ನರ್ಸ್ ಎಂಬ ಸನ್ಯಾಸಿನಿ ಬರೆದಳೆಂದು ಪ್ರತೀತಿ. ಅದಾದ ಒಂದೂವರೆ ಶತಮಾನದ ಮೇಲೆ, 1653ರಲ್ಲಿ, ಐಸಾಕ್ ವಾಲ್ಟನ್ನನ ‘ದಿ ಕಂಪ್ಲೀಟ್ ಆಂಗ್ಲರ್’ ಪ್ರಕಟವಾಯಿತು. ಅಂತರ್ಯುದ್ಧದಲ್ಲಿ ನಾಡು ನಲುಗಿ, ದೊರೆಯ ತಲೆಯೇ ಉರುಳಿದ ಮೇಲೆ ಬಂದ ಪುಸ್ತಕವಿದು. ಹೊರಗಿನ ಲೋಕ ಅಲ್ಲೋಲಕಲ್ಲೋಲವಾಗಿರುವಾಗ ಹೊಳೆಯ ದಡದಲ್ಲಿ ಸಿಕ್ಕುವ ನೆಮ್ಮದಿಯನ್ನು ಅವನು ಹೇಳಿದನು. ಇಂದಿಗೂ ಜನ ಅದನ್ನು ಓದುತ್ತಾರೆ.

ಬ್ರೀಮ್ ಎಂಬ ಮೀನನ್ನು ಹಿಡಿಯುವ ಬಗೆಯನ್ನು ವಾಲ್ಟನ್ ವಿವರಿಸುವುದನ್ನು ಕೇಳಿ. ಮೊಳಕೆ ಬರಿಸಿ ತರಿಯಾಗಿ ಬೀಸಿದ ಬಾರ್ಲಿಯನ್ನು ಒಂದು ಅಥವಾ ಒಂದೂವರೆ ‘ಪೆಕ್’ನಷ್ಟು, ಎಂದರೆ ಸುಮಾರು 9ರಿಂದ 14 ಲೀಟರು, ಹಂಡೆಯಲ್ಲಿ ಕುದಿಸಬೇಕು, ಚೀಲದಲ್ಲಿ ಹಾಕಿ ಸೋಸಬೇಕು, ಇಳಿದ ರಸ ಕುದುರೆಗೆ ಒಳ್ಳೆಯದಂತೆ! ಆರಿದ ಚರಟವನ್ನು ರಾತ್ರಿ ಎಂಟು ಒಂಬತ್ತು ಗಂಟೆಗೆ ನೀರಿನ ದಡಕ್ಕೆ ಒಯ್ದು, ಎರಡು ಕೈಗಳಿಂದ ಗಟ್ಟಿಯಾಗಿ ಹಿಂಡಿ ಉಂಡೆಮಾಡಿ ಎಸೆಯಬೇಕು. ಅದು ತಾನು ಗಾಳ ಹಾಕುವ ಜಾಗದಲ್ಲೇ ನಿಲ್ಲುವಂತೆ ನೋಡಿಕೊಳ್ಳಬೇಕು. ನೀರಿಗೆ ಸೆಳೆತವಿದ್ದರೆ ಸ್ವಲ್ಪ ಮೇಲುಗಡೆ ಹಾಕಬೇಕು. ಮರುದಿನ ನಸುಕಿನಲ್ಲೇ ಹೋಗಿ ಸದ್ದಿಲ್ಲದೆ ಕುಳಿತುಕೊಳ್ಳಬೇಕು.

ಸೋಮೇಶ್ವರನಿಗೂ ವಾಲ್ಟನ್ನನಿಗೂ ಐದು ಶತಮಾನಗಳ ಅಂತರ. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯುವಂತೆಯೇ ಇರಲಿಲ್ಲ. ಆದರೂ ಇಬ್ಬರ ಉಪಾಯ ಒಂದೇ. ಏಕೆಂದರೆ ಇಬ್ಬರಿಗೂ ಗುರು ಮೀನೇ ಆಗಿತ್ತು.

ಆದರೆ ವಾಲ್ಟನ್ನನ ಮಾತಿನಲ್ಲಿ ಒಂದು ತೊಡಕು ಅಡಗಿದೆ. ‘ಸೆಳೆತವಿದ್ದರೆ ಮೇಲುಗಡೆ ಹಾಕು’ ಎಂದನಲ್ಲ, ಎಷ್ಟು ಮೇಲೆ? ಹೊಳೆ ಆಳವಾಗಿದ್ದರೆ ಉಂಡೆ ತಳ ಸೇರುವಷ್ಟರಲ್ಲಿ ಎಲ್ಲಿಗೋ ಹೋಗಿರುತ್ತದೆ. ಮೆತ್ತಗಿದ್ದರೆ ನಡುನೀರಿನಲ್ಲೇ ಒಡೆದು ಚೆಲ್ಲುತ್ತದೆ. ಮೀನು ತಿನಿಸಿನ ಬೆನ್ನು ಹತ್ತಿ ಹೊಳೆಯ ಕೆಳಗೆ ಸಾಗುತ್ತದೆ, ಗಾಳ ಮಾತ್ರ ಇದ್ದಲ್ಲೇ ಇರುತ್ತದೆ. ಊಟ ಒಂದು ಬೀದಿಯಲ್ಲಿ, ನೆಂಟನ ಮನೆ ಇನ್ನೊಂದು ಬೀದಿಯಲ್ಲಿ ಎಂಬಂತಾಯಿತು. ಕೈಯಿಂದ ಎಸೆಯುವ ದೂರಕ್ಕೂ ಮಿತಿಯುಂಟು. ಊಟವನ್ನೂ ಗಾಳವನ್ನೂ ಒಂದೇ ಕಡೆಗೆ ಮುಟ್ಟಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರವೇ ಎರೆಗೂಡು. ದಾರಕ್ಕೆ ಕಟ್ಟುವ ಗುಂಡಿನ ಜಾಗದಲ್ಲಿ ತಿನಿಸು ತುಂಬಿದ ಡಬ್ಬಿಯನ್ನೇ ಕಟ್ಟಿದರೆ, ಗುಂಡಿನ ಕೆಲಸವೂ ಆಯಿತು, ಬಡಿಸುವ ಕೆಲಸವೂ ಆಯಿತು. ಗಾಳ ಅದರಿಂದ ಒಂದು ಗೇಣಿನ ಆಚೆಗೋ ಮೊಳದ ಆಚೆಗೋ ಬಿದ್ದಿರುತ್ತದೆ.

ಇಂಗ್ಲೆಂಡಿನ ಹೊಳೆಗಳಲ್ಲಿ ಇದು ಬಳಕೆಗೆ ಬಂದುದು ಮುಖ್ಯವಾಗಿ 20ನೆಯ ಶತಮಾನದ ಎರಡನೆಯ ಅರ್ಧದಲ್ಲಿ. ಪ್ಲಾಸ್ಟಿಕ್ಕು ಮನೆಮನೆಗೆ ಬಂದ ಕಾಲವದು. ಫೋಟೋ ಫಿಲ್ಮಿನ ಸುರುಳಿ ಬರುತ್ತಿದ್ದ ಪುಟ್ಟ ಡಬ್ಬಿಯನ್ನು ನೀವು ನೋಡಿರಬಹುದು. ಗಾಳಗಾರರು ಅದಕ್ಕೆ ಕಾದ ಮೊಳೆಯಿಂದ ತೂತು ಕೊರೆದರು, ಬದಿಗೆ ಸೀಸದ ಪಟ್ಟಿಯನ್ನು ಬಿಗಿದರು, ತಂತಿಯ ಕುಣಿಕೆ ಹಾಕಿದರು, ಎರೆಗೂಡು ಸಿದ್ಧವಾಯಿತು. ಹೆಂಗಸರು ಕೂದಲನ್ನು ಗುಂಗುರು ಮಾಡಿಕೊಳ್ಳಲು ಸುತ್ತುವ ಪ್ಲಾಸ್ಟಿಕ್ ಸುರುಳಿಗಳಿಗಂತೂ ತೂತುಗಳು ಮೊದಲೇ ಇದ್ದವು. ಅವು ಒಂದೊಂದಾಗಿ ಮಾಯವಾದಾಗ ಮನೆಯಾಕೆ ಏನೆಂದಿರಬಹುದೆಂಬುದನ್ನು ಯಾವ ಇತಿಹಾಸಕಾರನೂ ದಾಖಲು ಮಾಡಿಲ್ಲ, ನೀವೇ ಊಹಿಸಿಕೊಳ್ಳಬಹುದು.

ಹೀಗೆ ಬೆಳೆದ ಎರೆಗೂಡಿನಲ್ಲಿ ನಾಲ್ಕು ಜಾತಿಗಳನ್ನು ಹೇಳಬಹುದು. ಎರಡು ತುದಿಯೂ ತೆರೆದಿರುವ ಕೊಳವೆ ಮೊದಲನೆಯದು. ನಡುವೆ ಹುಳುಗಳನ್ನಿಟ್ಟು ಎರಡು ಬಾಯಿಗೂ ಹಿಟ್ಟಿನ ಬಿರಡೆ ಹಾಕುತ್ತಾರೆ. ಎರಡು ತುದಿಗೂ ಮುಚ್ಚಳವಿರುವುದು ಎರಡನೆಯದು. ಒಳಗಿನ ಹುಳುಗಳು ತೂತುಗಳಿಂದ ತಾವಾಗಿಯೇ ಹೊರಕ್ಕೆ ಹರಿಯುತ್ತವೆ, ಹೊಳೆಯ ಸೆಳೆತಕ್ಕೆ ಇದು ಹೊಂದುತ್ತದೆ. ತಂತಿಬಲೆಯ ಪಂಜರ ಮೂರನೆಯದು. ನೀರು ಎಲ್ಲ ಕಡೆಯಿಂದಲೂ ನುಗ್ಗುವುದರಿಂದ ಹಿಟ್ಟು ಬೇಗ ಬಿಡುತ್ತದೆ. ನಾಲ್ಕನೆಯದು 1990ರ ದಶಕದಲ್ಲಿ ಬಹಳ ಪ್ರಸಿದ್ಧವಾಯಿತು. ಇದಕ್ಕೆ ಗೋಡೆಯೇ ಇಲ್ಲ, ಕೆಲವು ಪಕ್ಕೆಲುಬುಗಳುಳ್ಳ ಚೌಕಟ್ಟು ಮಾತ್ರ. ಅದರ ಸುತ್ತ ಹಿಟ್ಟನ್ನು ಮೆತ್ತಿ ಒತ್ತುತ್ತಾರೆ. ಕಾರ್ಪ್ ಮೀನು ಆ ಉಂಡೆಯನ್ನು ಕೆದಕಿ ತಿನ್ನುತ್ತ ಗಾಳವನ್ನೂ ಬಾಯಿಗೆ ಹಾಕಿಕೊಳ್ಳುತ್ತದೆ.

ನಿಮ್ಮ ಮನೆಯ ಹುಡುಗರು ಕೈಕೆಲಸದಲ್ಲಿ ಆಸಕ್ತರಾಗಿದ್ದರೆ ಪಂಜರದ ಜಾತಿಯನ್ನು ಮಾಡಿ ನೋಡಬಹುದು. 10 ಸೆಂಟಿಮೀಟರು ಉದ್ದ, 5 ಸೆಂಟಿಮೀಟರು ಅಗಲದ ತುಕ್ಕು ಹಿಡಿಯದ ತಂತಿಬಲೆಯ ತುಂಡನ್ನು 3 ಸೆಂಟಿಮೀಟರು ದಪ್ಪದ ಗುಂಡು ಕೋಲಿಗೆ ಸುತ್ತಿದರೆ ಅಂಚಿನ ಮೇಲೆ ಅಂಚು ಕೊಂಚವೇ ಕೂರುತ್ತದೆ. ಅದನ್ನು ಸಣ್ಣ ತಂತಿಯಿಂದ ಹೊಲಿಯಬೇಕು. ಚುಚ್ಚುವ ಮೊನೆಗಳನ್ನು ಒಳಕ್ಕೆ ಮಡಿಸಬೇಕು. ಬದಿಗೆ 20ರಿಂದ 30 ಗ್ರಾಂ ತೂಕದ ಉಕ್ಕಿನ ಪಟ್ಟಿಯನ್ನು ಬಿಗಿಯಬೇಕು. ದಾರಕ್ಕೆ ಸಿಕ್ಕಿಸಲು ಒಂದು ತಿರುಗುಕುಣಿಕೆ ಬೇಕು, ಇಲ್ಲದಿದ್ದರೆ ದಾರ ಮುರಿಗೊಳ್ಳುತ್ತದೆ. ಹಿಟ್ಟನ್ನು ಕಲಸುವುದರಲ್ಲಿ ಹದವೇ ಪ್ರಧಾನ: ಹಿಡಿಯಲ್ಲಿ ಅದುಮಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ನೀರನ್ನು ಒಮ್ಮೆಗೇ ಸುರಿಯದೆ ಚಿಮುಕಿಸಿ, ಸ್ವಲ್ಪ ಹೊತ್ತು ನೆನೆಯಬಿಟ್ಟು, ಮತ್ತೆ ಚಿಮುಕಿಸುವುದು ಮೇಲು. ಒಂದು ಬಕೆಟ್ಟು ನೀರಿನಲ್ಲಿ ಇಳಿಸಿ ನೋಡಿದರೆ ಪರೀಕ್ಷೆ ಮನೆಯಲ್ಲೇ ಆಗುತ್ತದೆ: ತಳ ಮುಟ್ಟುವವರೆಗೆ ಹಿಟ್ಟು ಕೂಡಿಕೊಂಡಿದ್ದು, ಕೆಲವು ನಿಮಿಷಗಳಲ್ಲಿ ಬಿಡಿಬಿಡಿಯಾಗಬೇಕು. ಇನ್ನೊಂದು ಮಾತನ್ನು ಮರೆಯಬಾರದು. ಎರೆಗೂಡನ್ನು ದಾರಕ್ಕೆ ಗಂಟುಹಾಕಿ ಬಿಗಿಯಕೂಡದು. ದಾರದ ಮೇಲೆ ಅದು ಜಾರುವಂತಿರಬೇಕು. ದೊಡ್ಡ ಮೀನು ದಾರವನ್ನು ಹರಿದುಕೊಂಡು ಹೋದರೆ ಗೂಡು ಕಳಚಿ ಬೀಳಬೇಕು; ಇಲ್ಲವಾದರೆ ಆ ಮೂಕಪ್ರಾಣಿ ಸಾಯುವವರೆಗೂ ಅದನ್ನು ಎಳೆದುಕೊಂಡೇ ತಿರುಗಬೇಕಾಗುತ್ತದೆ.

ಸೀಸದ ಬದಲು ಉಕ್ಕಿನ ಪಟ್ಟಿ ಎಂದೆನಲ್ಲವೆ? ಅದಕ್ಕೆ ಕಾರಣವಾದ ಸಂಗತಿ ಈ ಕಥೆಯಲ್ಲಿ ಎಲ್ಲಕ್ಕಿಂತ ಗಂಭೀರವಾದುದು. ಸೀಸ ಅಗ್ಗ, ಮೆತ್ತಗೆ, ತೂಕ. ಮನೆಯಲ್ಲೇ ಕತ್ತರಿಸಬಹುದು, ಬೆರಳಿನಿಂದ ಬಗ್ಗಿಸಬಹುದು. ಅದಕ್ಕಾಗಿ ಗಾಳಗಾರರು ತಲೆಮಾರುಗಳ ಕಾಲ ಅದನ್ನೇ ಬಳಸಿದರು. ಹರಿದ ದಾರದೊಡನೆ ಹೋದುದು, ದಡದಲ್ಲಿ ಕೈಜಾರಿದುದು ಎಲ್ಲವೂ ಹೊಳೆಯ ಪಾಲಾಯಿತು. ಅದೇ ಹೊಳೆಗಳಲ್ಲಿ ಹಂಸಗಳಿದ್ದವು. ಹಂಸಕ್ಕೆ ಹಲ್ಲಿಲ್ಲ, ನುಂಗಿದ ಸೊಪ್ಪನ್ನು ಅರೆಯಲು ಅದು ಸಣ್ಣ ಹರಳುಗಳನ್ನು ಆರಿಸಿ ನುಂಗಿ ಒಳಗಿನ ಬೀಸುಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಹರಳೆಂದು ಅದು ಸೀಸದ ಗುಂಡುಗಳನ್ನೂ ನುಂಗಿತು. ಬೀಸುಚೀಲ ತನ್ನ ಕೆಲಸ ಮಾಡಿತು. ಸೀಸ ಸವೆದು ರಕ್ತಕ್ಕೆ ಇಳಿಯಿತು. ಆ ನೀಳ ಕೊರಳು ಬಲಗುಂದಿ ಬಾಗಿ ಬೆನ್ನಿಗೆ ಒರಗುತ್ತಿತ್ತು. ತಿಂದದ್ದು ಇಳಿಯದೆ ಹಕ್ಕಿ ಹಸಿವಿನಿಂದಲೇ ಸಾಯುತ್ತಿತ್ತು. ಥೇಮ್ಸ್ ನದಿಯಲ್ಲಿ ಹಂಸಗಳ ಸಂಖ್ಯೆ ಕುಗ್ಗಿತು. ಶೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡಿನ ಏವನ್ ನದಿಯಲ್ಲಿಯೂ ಅವು ಕಾಣದಾದವು. ನೀರಕ್ಷೀರ ವಿವೇಕದ ಹಕ್ಕಿಯೆಂದು ನಮ್ಮ ಕವಿಗಳು ಕೊಂಡಾಡಿದ ಹಂಸಕ್ಕೆ ಹರಳಿಗೂ ಸೀಸಕ್ಕೂ ಇರುವ ಭೇದ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಅದನ್ನು ತಿಳಿಯಬೇಕಾಗಿದ್ದವರು ದಡದ ಮೇಲೆ ಕುಳಿತಿದ್ದವರು.

ಬ್ರಿಟನ್ನಿನ ನಿಸರ್ಗ ಸಂರಕ್ಷಣ ಮಂಡಲಿ 1981ರಲ್ಲಿ ಈ ವಿಷಯವಾಗಿ ವರದಿ ಕೊಟ್ಟಿತು. ಮೊದಲು ಸ್ವಯಂಪ್ರೇರಣೆಯಿಂದ ಬಿಡಿರೆಂದು ಹೇಳಿ ನೋಡಿದರು, ಸಾಲದಾಯಿತು. ಕೊನೆಗೆ 1987ರಿಂದ ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ 0.06 ಗ್ರಾಮಿಗಿಂತ ಹೆಚ್ಚು, 28.35 ಗ್ರಾಂ ವರೆಗಿನ ಸೀಸದ ಗಾಳಗುಂಡುಗಳಿಗೆ ನಿಷೇಧ ಬಂದಿತು. ಅದಕ್ಕಿಂತ ದೊಡ್ಡದನ್ನು ಹಂಸ ನುಂಗಲಾರದೆಂಬ ಲೆಕ್ಕ. ಆಮೇಲೆ ಹಂಸಗಳು ಮತ್ತೆ ಹೆಚ್ಚಿದವು. ಎರೆಗೂಡಿಗೆ ಬಿಗಿಯುವ ಒಂದು ಚಿಕ್ಕ ಪಟ್ಟಿಯೂ ಎಣಿಕೆಗೆ ಬರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಈಗ ನಮ್ಮ ನಾಡಿಗೆ ಮರಳೋಣ. ಆಂಗ್ಲರ ಆಳ್ವಿಕೆಯಲ್ಲಿ ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತನು ‘ದಿ ರಾಡ್ ಇನ್ ಇಂಡಿಯಾ’ ಎಂಬ ಗಾಳದ ಗ್ರಂಥವನ್ನು 1873ರಲ್ಲಿ ಮಂಗಳೂರಿನಲ್ಲೇ ಅಚ್ಚುಹಾಕಿಸಿದನು. ಅದರ ನಾಯಕ ನಮ್ಮ ಹೊಳೆಗಳ ಮಹಶೀರ್ ಮೀನು. ಮೈಸೂರು ಸೀಮೆಯಲ್ಲಿ 1946ರಲ್ಲಿ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮಹಶೀರ್ 120 ಪೌಂಡು ತೂಗಿತು. ಪರದೇಶದ ಆ ಬೇಟೆಗಾರರಿಗೆ ಕಾವೇರಿಯ ದಡದಲ್ಲಿ ಒದಗಿದ ಎರೆ ಯಾವುದೆಂದು ಬಲ್ಲಿರಾ? ನಮ್ಮ ರಾಗಿಯೇ. ರಾಗಿಹಿಟ್ಟನ್ನು ಬೇಯಿಸಿ, ನಾದಿ, ಗಟ್ಟಿಮುದ್ದೆ ಮಾಡಿ ಗಾಳಕ್ಕೆ ಮೆತ್ತುತ್ತಿದ್ದರು. ಸೋಮೇಶ್ವರನ ಹಿಟ್ಟಿನುಂಡೆಗೂ ಈ ರಾಗಿಮುದ್ದೆಗೂ ಬಹಳ ದೂರವೇನಿಲ್ಲ.

ಆದರೆ ಕಾವೇರಿಯ ಆ ಡುಬ್ಬುಬೆನ್ನಿನ ಮಹಶೀರಿಗೆ ವಿಜ್ಞಾನಿಗಳು ‘ಟಾರ್ ರೆಮಾದೇವಿ’ ಎಂಬ ಹೆಸರನ್ನು ನಿಶ್ಚಯಿಸಿದುದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರಿಡುವ ದಿನವೇ ಜಾತಕದಲ್ಲಿ ಮರಣಯೋಗ ಕಂಡಂತೆ. ಆದುದರಿಂದ ಮೇಲೆ ಹೇಳಿದ ಕೈಕೆಲಸವನ್ನು ಮಾಡುವವರು ಸಾಕಿದ ಮೀನಿನ ಕೆರೆಕಟ್ಟೆಗಳಲ್ಲಿ, ಅಪ್ಪಣೆ ಇದ್ದ ಕಡೆಯಲ್ಲಿ ಮಾತ್ರ ಪ್ರಯೋಗಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಎರೆ ಎಂಬ ಮಾತಿನ ಇನ್ನೊಂದು ಅರ್ಥವನ್ನು ಕಾಪಾಡಿಕೊಂಡ ತಾಣಗಳೂ ನಮ್ಮಲ್ಲುಂಟು. ಶೃಂಗೇರಿಯಲ್ಲಿ ತುಂಗೆಯ ಸೋಪಾನದಲ್ಲಿ ನಿಂತು ಯಾತ್ರಿಕರು ಮಂಡಕ್ಕಿ ಎರಚಿದರೆ ಮೀನುಗಳು ಒಂದರ ಮೇಲೊಂದು ಬಿದ್ದು ಬಂದು ತಿನ್ನುತ್ತವೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನುಗಳನ್ನು ದೇವರ ಮೀನುಗಳೆಂದು ಭಕ್ತರು ಉಣಿಸುತ್ತಾರೆ. ಅಲ್ಲಿ ಗಾಳವಿಲ್ಲ, ಗೂಡಿಲ್ಲ. ಕೈ ಚಾಚಿದರೆ ಊಟವೇ ಬರುತ್ತದೆಂದು ತಲೆಮಾರುಗಳಿಂದ ನಂಬಿದ ಮೀನುಗಳವು. ಆ ಶಿಶಿಲದ ಹೊಳೆಗೆ 1996ರಲ್ಲಿ ದುಷ್ಕರ್ಮಿಗಳು ವಿಷ ಬೆರೆಸಿದರು. ಸಾವಿರಾರು ಮೀನುಗಳು ಸತ್ತು ತೇಲಿದವು. ಊರವರು ಅವಕ್ಕೊಂದು ಸ್ಮಾರಕವನ್ನು ನಿಲ್ಲಿಸಿದರು. ಯುದ್ಧದಲ್ಲಿ ಮಡಿದವರಿಗೆ ವೀರಗಲ್ಲು ನಿಲ್ಲಿಸಿದ ನಾಡು ಮೀನಿಗೂ ಕಲ್ಲು ನಿಲ್ಲಿಸಿತು. ಈಗಲೂ ಅಲ್ಲಿ ಮೀನುಗಳಿವೆ, ಉಣಿಸುವವರೂ ಇದ್ದಾರೆ.

ಎರೆಗೂಡಿನ ಜಾಣ್ಮೆಯೆಲ್ಲ ನಿಂತಿರುವುದು ಒಂದೇ ಒಂದು ಸಂಗತಿಯ ಮೇಲೆ: ನಿನ್ನೆ ಊಟ ಸಿಕ್ಕ ಜಾಗದಲ್ಲಿ ಇಂದೂ ಸಿಕ್ಕುತ್ತದೆಂದು ಮೀನು ನಂಬುತ್ತದೆ. ಕಲ್ಯಾಣದ ದೊರೆ ಅದನ್ನು ಬಲ್ಲವನಾಗಿದ್ದನು, ವಾಲ್ಟನ್ನನೂ ಬಲ್ಲವನಾಗಿದ್ದನು, ಫಿಲ್ಮಿನ ಡಬ್ಬಿಗೆ ತೂತು ಕೊರೆದ ಅಜ್ಞಾತ ಕುಶಲಿಯೂ ಬಲ್ಲವನಾಗಿದ್ದನು. ಆ ನಂಬಿಕೆಯಿಂದ ಮೀನನ್ನು ಹಿಡಿಯಲೂಬಹುದು, ಉಳಿಸಲೂಬಹುದು. ಹಿಡಿಯುವವನು ಬೇಕಾದಷ್ಟನ್ನೇ ಹಿಡಿಯಲಿ. ನೀರಿನಲ್ಲಿ ವಿಷವನ್ನು ಬಿಟ್ಟುಬರದಿರಲಿ. ಉಣಿಸುವ ಮನಸ್ಸಾದವನು ಉಣಿಸಲಿ. ಮುಂದಿನ ಸಲ ಹೊಳೆಯ ಮೆಟ್ಟಿಲಲ್ಲಿ ನಿಂತು ಒಂದು ಹಿಡಿ ಮಂಡಕ್ಕಿ ಎರಚುವಾಗ, ನಿಮ್ಮ ಕೈಯಲ್ಲಿರುವ ಎರೆಗೆ ಎರಡು ಅರ್ಥಗಳಿವೆ ಎಂಬುದನ್ನು ನೆನೆಯಿರಿ.